ಕುಂಬಳದ ದಂಟಿನಿಂದ ಕೋಶಭಿತ್ತಿ ಕಲಿಯುವುದು: ರಚನೆ ನೋಡುವ, ಘಟಕ ಬಿಡಿಸುವ ಪೂರ್ತಿ ವಿಧಾನ

ಪಠ್ಯಪುಸ್ತಕದ ಚಿತ್ರದಲ್ಲಿ ಸಸ್ಯಕೋಶದ ಸುತ್ತ ಮೂರು ಪದರ ಅಚ್ಚುಕಟ್ಟಾಗಿ ಇರುತ್ತವೆ: ಮಧ್ಯಪಟಲ, ಪ್ರಾಥಮಿಕ ಭಿತ್ತಿ, ದ್ವಿತೀಯಕ ಭಿತ್ತಿ. ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುವುದು ಒಂದೇ ಗೆರೆ. ವಿದ್ಯಾರ್ಥಿ ಆ ಒಂದು ಗೆರೆಯನ್ನು ನೋಡಿ, ರೆಕಾರ್ಡ್ ಪುಸ್ತಕದಲ್ಲಿ ಮೂರು ಗೆರೆ ಬರೆದು ಮುಂದೆ ಹೋಗುತ್ತಾನೆ. ಕಾರಣ ಸರಳ. ಸಾಮಾನ್ಯ ಸೂಕ್ಷ್ಮದರ್ಶಕ 0.2 ಮೈಕ್ರೋಮೀಟರಿಗಿಂತ ಹತ್ತಿರ ಇರುವ ಎರಡು ಬಿಂದುಗಳನ್ನು ಬೇರೆ ಮಾಡಿ ತೋರಿಸಲಾರದು. ಎಳೆಯ ಕೋಶದ ಪ್ರಾಥಮಿಕ ಭಿತ್ತಿಯ ದಪ್ಪವೇ 0.1ರಿಂದ 1 ಮೈಕ್ರೋಮೀಟರ್. ಪಕ್ಕಪಕ್ಕದ ಎರಡು ಕೋಶಗಳ ಭಿತ್ತಿ, ನಡುವಿನ ಅಂಟಾದ ಮಧ್ಯಪಟಲ, ಮೂರೂ ಸೇರಿ ಒಂದೇ ಗೆರೆಯಾಗಿ ಕಾಣುತ್ತವೆ.

ಪದರ ಕಣ್ಣಿಗೆ ಕಾಣದಿದ್ದರೂ ಅದು ಯಾವುದರಿಂದ ಆಗಿದೆ ಎಂದು ಪತ್ತೆ ಮಾಡಬಹುದು. ಒಂದೊಂದು ಘಟಕಕ್ಕೂ ಒಂದೊಂದು ಬಣ್ಣ ಹಾಕಬೇಕು. ಅಷ್ಟಕ್ಕೇ ನಿಲ್ಲಿಸದೆ, ಆ ಘಟಕವನ್ನು ತೆಗೆದುಹಾಕಿದ ಮೇಲೆ ಬಣ್ಣವೂ ಹೋಯಿತೇ ಎಂದು ನೋಡಬೇಕು. ಈ ಎರಡನೆಯ ಹೆಜ್ಜೆಯನ್ನು ಹೆಚ್ಚಿನ ಪ್ರಯೋಗಾಲಯಗಳಲ್ಲಿ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಬರೀ ಬಣ್ಣವನ್ನು ನಂಬಲಾಗದು.

ಮೊದಲು, ಏನನ್ನು ಹುಡುಕುತ್ತಿದ್ದೇವೆ

ಭಿತ್ತಿಯ ಅಸ್ಥಿಪಂಜರ ಸೆಲ್ಯುಲೋಸ್. ಗ್ಲೂಕೋಸ್ ಅಣುಗಳು ಬೀಟಾ-1,4 ಬಂಧದಲ್ಲಿ ಸಾಲಾಗಿ ಕೂಡಿ ನೇರ ಸರಪಳಿಯಾಗುತ್ತವೆ. ಸುಮಾರು ಹದಿನೆಂಟು ಸರಪಳಿ ಒತ್ತಾಗಿ ಸೇರಿದರೆ ಮೂರು ನ್ಯಾನೋಮೀಟರ್ ಆಸುಪಾಸು ದಪ್ಪದ ಒಂದು ಸೂಕ್ಷ್ಮನಾರು. ಇದನ್ನು ನೇಯುವ ಕಿಣ್ವದ ಗುಂಪು ಕೋಶಪೊರೆಯಲ್ಲೇ ಇರುತ್ತದೆ. ಆರು ಎಸಳಿನ ಹೂವಿನ ಆಕಾರದ ಈ ಗುಂಪು ಪೊರೆಯ ಮೇಲೆ ಜಾರುತ್ತ ಜಾರುತ್ತ ಹಿಂದೆ ನಾರು ಬಿಡುತ್ತ ಹೋಗುತ್ತದೆ. ಪೆಕ್ಟಿನ್ ಮತ್ತು ಹೆಮಿಸೆಲ್ಯುಲೋಸ್ ಹಾಗಲ್ಲ. ಅವು ಕೋಶದೊಳಗಿನ ಗಾಲ್ಗಿ ಎಂಬ ಕೋಶಾಂಗದಲ್ಲಿ ತಯಾರಾಗಿ ಪುಟ್ಟ ಚೀಲಗಳಲ್ಲಿ ಹೊರಗೆ ಬಂದು ಭಿತ್ತಿಯಲ್ಲಿ ಬೀಳುತ್ತವೆ.

ಹೆಮಿಸೆಲ್ಯುಲೋಸ್ ಎಂಬುದು ಒಂದೇ ವಸ್ತುವಲ್ಲ, ಒಂದು ಕುಟುಂಬ. ಅವರೆ, ಕುಂಬಳ, ಟೊಮೆಟೊದಂಥ ದ್ವಿದಳ ಸಸ್ಯಗಳ ಪ್ರಾಥಮಿಕ ಭಿತ್ತಿಯಲ್ಲಿ ಮುಖ್ಯವಾಗಿ ಕ್ಸೈಲೋಗ್ಲೂಕನ್. ರಾಗಿ, ಜೋಳ, ಭತ್ತದಂಥ ಹುಲ್ಲಿನ ಜಾತಿಯಲ್ಲಿ ಅರಾಬಿನೋಕ್ಸೈಲನ್ ಮತ್ತು ಮಿಶ್ರಬಂಧದ ಗ್ಲೂಕನ್. ಪೆಕ್ಟಿನ್ ಭಿತ್ತಿಯ ತೇವದ ಜೆಲ್ಲಿ. ಅದರ ಗ್ಯಾಲಕ್ಟುರಾನಿಕ್ ಆಮ್ಲದ ಸರಪಳಿಗಳನ್ನು ಕ್ಯಾಲ್ಸಿಯಂ ಅಯಾನುಗಳು ಜೋಡಿ ಜೋಡಿಯಾಗಿ ಹಿಡಿದಿಡುತ್ತವೆ. ಕೋಶಕ್ಕೆ ಕೋಶವನ್ನು ಅಂಟಿಸುವ ಮಧ್ಯಪಟಲ ಬಹುಪಾಲು ಇದೇ.

ದ್ವಿದಳ ಸಸ್ಯದ ಪ್ರಾಥಮಿಕ ಭಿತ್ತಿಯ ಒಣ ತೂಕದಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಪೆಕ್ಟಿನ್, ಕಾಲು ಭಾಗದಷ್ಟು ಸೆಲ್ಯುಲೋಸ್, ಕಾಲು ಭಾಗದಷ್ಟು ಹೆಮಿಸೆಲ್ಯುಲೋಸ್, ಉಳಿದದ್ದು ಪ್ರೋಟೀನ್ ಇತ್ಯಾದಿ. ಹುಲ್ಲಿನ ಜಾತಿಯಲ್ಲಿ ಪೆಕ್ಟಿನ್ ಶೇ 10ರ ಒಳಗೇ ಇರುತ್ತದೆ. ಇದು ಒಣ ತೂಕದ ಲೆಕ್ಕ ಎಂಬುದನ್ನು ಮರೆಯಬೇಡಿ. ಹಸಿ ಭಿತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು.

ಕೋಶ ಬೆಳೆಯುವುದು ನಿಂತ ಮೇಲೆ ಕೆಲವು ಕೋಶಗಳಲ್ಲಿ ಮಾತ್ರ ಒಳಗಡೆಯಿಂದ ದ್ವಿತೀಯಕ ಭಿತ್ತಿ ಕೂಡುತ್ತದೆ. ಮರದ ನಾರಿನಲ್ಲಿ ಇದಕ್ಕೆ ಎಸ್‌1, ಎಸ್‌2, ಎಸ್‌3 ಎಂಬ ಮೂರು ಪದರ. ನಡುವಿನದೇ ತುಂಬ ದಪ್ಪ, ಮರದ ಬಲವೆಲ್ಲ ಅದರಲ್ಲಿ ನಾರುಗಳು ಹಿಡಿದಿರುವ ಓರೆಯ ಮೇಲೆ ನಿಂತಿದೆ. ಸೆಲ್ಯುಲೋಸಿನ ಸಂದುಗೊಂದುಗಳಲ್ಲಿ ಲಿಗ್ನಿನ್ ಎಂಬ ವಸ್ತು ತುಂಬಿ ಭಿತ್ತಿ ಗಟ್ಟಿಯಾಗುತ್ತದೆ. ಮರದಲ್ಲಿ ಸೆಲ್ಯುಲೋಸ್ ಶೇ 40–50, ಹೆಮಿಸೆಲ್ಯುಲೋಸ್ ಶೇ 20–30, ಲಿಗ್ನಿನ್ ಶೇ 20–30. ಹತ್ತಿ ಮಾತ್ರ ಬೇರೆಯೇ ಕಥೆ: ದಪ್ಪ ದ್ವಿತೀಯಕ ಭಿತ್ತಿ ಇದೆ, ಆದರೆ ಲಿಗ್ನಿನ್ ಇಲ್ಲ, ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಆದ್ದರಿಂದ ‘ದ್ವಿತೀಯಕ ಭಿತ್ತಿ ಎಂದರೆ ಲಿಗ್ನಿನ್’ ಎಂದು ಸಮೀಕರಣ ಮಾಡಿಕೊಂಡವರಿಗೆ ಹತ್ತಿಯ ಒಂದು ಎಳೆ ಸಾಕು ಉತ್ತರ ಕೊಡಲು.

ಯಾಕೆ ಕುಂಬಳ?

ಸೂರ್ಯಕಾಂತಿ ಕಾಂಡ ಎಲ್ಲ ಕಾಲೇಜಿನಲ್ಲೂ ಇದ್ದದ್ದೇ. ಆದರೆ ಭಿತ್ತಿಯನ್ನು ಕಲಿಯಲು ಸಿಹಿಕುಂಬಳದ ಬಳ್ಳಿಯ ದಂಟು ಅದಕ್ಕಿಂತ ಅನುಕೂಲ. ಒಂದೇ ಸೆಕ್ಷನ್ನಿನಲ್ಲಿ (ಅಡ್ಡ ಕೊಯ್ದ ತೆಳು ಬಿಲ್ಲೆಯಲ್ಲಿ) ಎಲ್ಲ ಬಗೆಯ ಭಿತ್ತಿಯೂ ಸಿಗುತ್ತದೆ. ದಂಟಿನ ಐದು ಏಣುಗಳ ಕೆಳಗೆ ಕೋಲೆಂಕೈಮಾ ಎಂಬ ಆಸರೆಯ ಅಂಗಾಂಶ: ಮೂಲೆಗಳಲ್ಲಿ ದಪ್ಪಗಾದ, ಪೆಕ್ಟಿನ್ ತುಂಬಿದ, ಲಿಗ್ನಿನ್ ಇಲ್ಲದ ಭಿತ್ತಿ. ಅದಕ್ಕಿಂತ ಒಳಗೆ ಗಟ್ಟಿ ನಾರುಕೋಶಗಳ, ಅಂದರೆ ಸ್ಕ್ಲೆರೆಂಕೈಮಾದ ಉಂಗುರ. ಅದರೊಳಗೆ ತೆಳು ಭಿತ್ತಿಯ ಮೆತ್ತನೆ ಅಂಗಾಂಶವಾದ ಪೇರೆಂಕೈಮಾ, ಎರಡು ಸುತ್ತಿನಲ್ಲಿ ಹತ್ತು ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು), ಅವುಗಳಲ್ಲಿ ಬರಿಗಣ್ಣಿಗೂ ರಂಧ್ರವಾಗಿ ಕಾಣುವಷ್ಟು ಅಗಲದ, ನೀರು ಸಾಗಿಸುವ ಕ್ಸೈಲಂ ನಾಳಗಳು.

ಬಳ್ಳಿಯ ತುದಿಯಿಂದ ಎಣಿಸಿ ಎರಡನೆಯ, ಐದನೆಯ ಮತ್ತು ಹತ್ತನೆಯ ಗೆಣ್ಣಿನ ನಡುವಿನ ತುಂಡುಗಳನ್ನು ಬೇರೆ ಬೇರೆ ಚೀಟಿ ಹಚ್ಚಿ ತನ್ನಿ. ಒಂದೇ ತುಂಡು ತಂದರೆ ಅರ್ಧ ಪಾಠ ಕಳೆದುಹೋಗುತ್ತದೆ. ಲಿಗ್ನಿನ್ ವಯಸ್ಸಿನೊಂದಿಗೆ ಬರುವ ವಸ್ತು.

ಕುಂಬಳದ ದಂಟನ್ನು ಕತ್ತರಿಸಿದ ಕೂಡಲೇ ಆಹಾರ ಸಾಗಿಸುವ ಫ್ಲೋಯಂನಿಂದ ರಸ ಒಸರುತ್ತದೆ. ಗಾಳಿ ತಗುಲಿದರೆ ಅದು ಲೋಳೆಯಾಗಿ ಹೆಪ್ಪುಗಟ್ಟಿ ಸೆಕ್ಷನ್ ಮೇಲೆ ಹರಡಿ, ಬಣ್ಣ ಹಿಡಿದು, ಇಲ್ಲದ ಕಡೆ ‘ಪೆಕ್ಟಿನ್’ ತೋರಿಸುತ್ತದೆ. ಕತ್ತರಿಸಿದ ತುಂಡನ್ನು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡಿ, ತುದಿಯ ಅರ್ಧ ಸೆಂಟಿಮೀಟರ್ ಕತ್ತರಿಸಿ ಬಿಸಾಡಿ, ಆಮೇಲೆ ಸೆಕ್ಷನ್ ತೆಗೆಯಿರಿ.

ಸೆಕ್ಷನ್ ತೆಗೆಯುವುದು

ಹೊಸ ಬ್ಲೇಡ್ ಬೇಕು, ನಿನ್ನೆ ಬಳಸಿದ್ದಲ್ಲ. ಎಳೆ ದಂಟು ಕೈಯಲ್ಲಿ ಜಜ್ಜಿಹೋಗುವಂತಿದ್ದರೆ ಪಪ್ಪಾಯಿ ತೊಟ್ಟಿನ ತುಂಡನ್ನು ಸೀಳಿ ಅದರ ನಡುವೆ ಸಿಕ್ಕಿಸಿಕೊಳ್ಳಿ. ಆಲೂಗಡ್ಡೆಯಲ್ಲಿ ಸಿಕ್ಕಿಸುವುದು ಬೇಡ. ಅದರ ಪಿಷ್ಟದ ಕಣಗಳು ಸೆಕ್ಷನ್ ಮೇಲೆ ಉದುರಿ ಮುಂದಿನ ಅಯೋಡಿನ್ ಪರೀಕ್ಷೆಯನ್ನೇ ಕೆಡಿಸುತ್ತವೆ. ಬ್ಲೇಡನ್ನೂ ದಂಟಿನ ತಲೆಯನ್ನೂ ಒದ್ದೆ ಮಾಡಿ, ಬ್ಲೇಡನ್ನು ಒತ್ತದೆ ತನ್ನ ಕಡೆಗೆ ಓರೆಯಾಗಿ ಎಳೆಯಬೇಕು. ಇಪ್ಪತ್ತು ಸೆಕ್ಷನ್ ತೆಗೆದರೆ ಮೂರು ನಾಲ್ಕು ಚೆನ್ನಾಗಿರುತ್ತವೆ, ಅಷ್ಟೇ. ಪೂರ್ತಿ ವೃತ್ತ ಸಿಗಬೇಕೆಂಬ ಹಟ ಬೇಡ. ಒಂದು ಏಣು ಮತ್ತು ಒಂದು ನಾಳಕೂರ್ಚ ಸೇರಿರುವ ಚೂರು, ಒಂದು ಕಡೆ ತೆಳುವಾಗುತ್ತ ಬಂದಿದ್ದರೆ, ದಪ್ಪನೆಯ ಪೂರ್ತಿ ವೃತ್ತಕ್ಕಿಂತ ಮೇಲು. ವಾಚ್‌ಗ್ಲಾಸಿನ ನೀರಿನಲ್ಲಿ ಹಾಕಿ ಬ್ರಷ್‌ನಿಂದಲೇ ಎತ್ತಿ. ಚಿಮಟ ಮುಟ್ಟಿದರೆ ಪೇರೆಂಕೈಮಾ ಹರಿಯುತ್ತದೆ.

ಬಣ್ಣ ಹಾಕುವ ಮುನ್ನ ಒಂದು ಸೆಕ್ಷನ್ನನ್ನು ಬರೀ ನೀರಿನಲ್ಲಿ ನೋಡಿ. ಕೋಲೆಂಕೈಮಾದ ಮೂಲೆಗಳು ಮುತ್ತಿನ ಹಾಗೆ ಬೆಳ್ಳಗೆ ಹೊಳೆಯುತ್ತವೆ. ಅದೇ ಸೆಕ್ಷನ್ನನ್ನು ಮದ್ಯಸಾರದಲ್ಲಿ ಐದು ನಿಮಿಷ ಇಟ್ಟು ಮತ್ತೆ ನೋಡಿದರೆ ಮೂಲೆಗಳು ಸೊರಗಿರುತ್ತವೆ. ಆ ದಪ್ಪದ ದೊಡ್ಡ ಪಾಲು ನೀರೇ ಆಗಿತ್ತು.

ಸಾಕ್ಷಿ ಮಾದರಿಗಳು

ಪ್ರತಿ ಬಣ್ಣದ ಜೊತೆಗೂ ಉತ್ತರ ಗೊತ್ತಿರುವ ಒಂದು ವಸ್ತುವನ್ನು ಪರೀಕ್ಷಿಸಿ. ಖರ್ಚಿಲ್ಲದವು ಸಾಕು. ಸೆಲ್ಯುಲೋಸಿಗೆ ಔಷಧಿ ಅಂಗಡಿಯ ಹತ್ತಿ ಅಥವಾ ಫಿಲ್ಟರ್ ಪೇಪರ್. ಲಿಗ್ನಿನ್‌ಗೆ ಹಳೆಯ ದಿನಪತ್ರಿಕೆಯ ಅಚ್ಚಿಲ್ಲದ ಅಂಚು, ಬೆಂಕಿಕಡ್ಡಿ. ಪೆಕ್ಟಿನ್‌ಗೆ ನಿಂಬೆ ಸಿಪ್ಪೆಯ ಒಳಗಿನ ಬಿಳಿ ಭಾಗ. ಹೊರಚರ್ಮದ ಮೇಲಿನ ಮೇಣದಂಥ ಕ್ಯೂಟಿನ್‌ಗೆ ಕಣಗಿಲೆ ಎಲೆ (ಅದರ ಹಾಲು ವಿಷ, ಕೈ ತೊಳೆಯಿರಿ), ತೊಗಟೆ, ಸಿಪ್ಪೆಯಲ್ಲಿರುವ ಅಂಥದೇ ಸೂಬರಿನ್‌ಗೆ ಆಲೂಗಡ್ಡೆ ಸಿಪ್ಪೆ. ಸಾಕ್ಷಿ ಮಾದರಿಯಲ್ಲೇ ಬಣ್ಣ ಬರದಿದ್ದರೆ ದೋಷ ದ್ರಾವಣದ್ದು, ಸಸ್ಯದ್ದಲ್ಲ.

ಲಿಗ್ನಿನ್: ಫ್ಲೋರೋಗ್ಲುಸಿನಾಲ್ ಪರೀಕ್ಷೆ

2 ಗ್ರಾಂ ಫ್ಲೋರೋಗ್ಲುಸಿನಾಲನ್ನು ಶೇ 95ರ ಎಥನಾಲ್ 100 ಮಿ.ಲೀ.ನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿಡಿ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ. ಸೆಕ್ಷನ್ ಮೇಲೆ ಎರಡು ಹನಿ ಹಾಕಿ ಎರಡು ನಿಮಿಷ ಬಿಡಿ. ಫಿಲ್ಟರ್ ಪೇಪರಿನ ಅಂಚಿನಿಂದ ಹೆಚ್ಚಿನದನ್ನು ಹೀರಿ. ಒಂದು ಹನಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಕೂಡಲೇ ಕವರ್‌ಸ್ಲಿಪ್.

ಒಂದು ನಿಮಿಷದೊಳಗೆ ಕ್ಸೈಲಂ ನಾಳಗಳು ಕಡುಗೆಂಪಾಗುತ್ತವೆ. ಹತ್ತನೆಯ ಗೆಣ್ಣಿನ ತುಂಡಿನಲ್ಲಿ ಸ್ಕ್ಲೆರೆಂಕೈಮಾ ಉಂಗುರವೂ ಕೆಂಪು. ಎರಡನೆಯದರಲ್ಲಿ ಆ ಉಂಗುರಕ್ಕೆ ಬಣ್ಣವೇ ಇರುವುದಿಲ್ಲ, ಅಥವಾ ತೀರಾ ಮಸುಕು. ನಾಳಗಳಲ್ಲಿ ಮಾತ್ರ ಎಳವೆಯಲ್ಲೇ ಬಳೆ, ಸುರುಳಿಯ ಆಕಾರದ ಕೆಂಪು ಕಾಣುತ್ತದೆ. ಕೋಲೆಂಕೈಮಾ ಎಷ್ಟೇ ದಪ್ಪಗಿದ್ದರೂ ಬೆಳ್ಳಗೇ ಉಳಿಯುತ್ತದೆ. ದಪ್ಪಕ್ಕೂ ಲಿಗ್ನಿನ್‌ಗೂ ಸಂಬಂಧವಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಇನ್ನೊಂದಿಲ್ಲ.

ಎಡವುವ ಜಾಗಗಳು ಮೂರು. ಒಂದು, ಬಣ್ಣ ಬೇಗ ಮಾಸುತ್ತದೆ, ಅರ್ಧ ಗಂಟೆಯೊಳಗೆ ಚಿತ್ರ ತೆಗೆದುಬಿಡಿ. ಎರಡು, ಆಮ್ಲದ ಹೊಗೆ ಸೂಕ್ಷ್ಮದರ್ಶಕದ ಲೆನ್ಸನ್ನು ತಿನ್ನುತ್ತದೆ. ಕವರ್‌ಸ್ಲಿಪ್ ಇಲ್ಲದೆ ನೋಡಲೇಬೇಡಿ, ಅಂಚಿನಲ್ಲಿ ಸೋರಿದ ಆಮ್ಲವನ್ನು ಒರೆಸಿದ ಮೇಲೆಯೇ ಸ್ಟೇಜಿಗೆ ಇಡಿ. ಮೂರನೆಯದು ಸೂಕ್ಷ್ಮ. ಈ ಕೆಂಪು ಲಿಗ್ನಿನ್ನಿನ ಎಲ್ಲ ಭಾಗದ್ದಲ್ಲ, ಅದರಲ್ಲಿರುವ ಸಿನಮಾಲ್ಡಿಹೈಡ್ ತುದಿಗಳದ್ದು. ಹಾಗಾಗಿ ಕೆಂಪಿನ ಗಾಢತೆ ನೋಡಿ ‘ಇದರಲ್ಲಿ ಲಿಗ್ನಿನ್ ದುಪ್ಪಟ್ಟು’ ಎಂದು ಬರೆಯಕೂಡದು. ಇದೆಯೋ ಇಲ್ಲವೋ, ಎಲ್ಲಿದೆ: ಇಷ್ಟಕ್ಕೆ ಇದು ಪ್ರಮಾಣ.

ಅಂದಹಾಗೆ, ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನಂತೆ ಸಿಗುವುದೂ ಇದೇ. ತಿರುಳಿನ ಒಂದು ಚೂರನ್ನು ಸ್ಲೈಡ್ ಮೇಲೆ ಜಜ್ಜಿ ಇದೇ ಪರೀಕ್ಷೆ ಮಾಡಿ. ಬಣ್ಣವಿಲ್ಲದ ತಿರುಳಿನ ನಡುವೆ ಕೆಂಪು ಹರಳಿನ ಗೊಂಚಲುಗಳು ಎದ್ದು ಕಾಣುತ್ತವೆ. ಕಲ್ಲುಕೋಶಗಳು ಅವು. ಭಿತ್ತಿ ಎಷ್ಟು ದಪ್ಪವೆಂದರೆ ಒಳಗಿನ ಪೊಳ್ಳು ಒಂದು ಚುಕ್ಕೆಯಷ್ಟೇ, ಅದರಿಂದ ಕೂದಲೆಳೆಯಂಥ ಕವಲುನಾಳಗಳು ಹೊರಕ್ಕೆ ಹರಿದಿರುತ್ತವೆ. ಸೆಕ್ಷನ್ ತೆಗೆಯಲು ಕೈ ಪಳಗದವರು ಇಲ್ಲಿಂದ ಶುರು ಮಾಡಬಹುದು.

ಪೆಕ್ಟಿನ್: ಟೊಲುಇಡಿನ್ ಬ್ಲೂ ಮತ್ತು ರುಥೇನಿಯಂ ರೆಡ್

ರುಥೇನಿಯಂ ರೆಡ್ ದುಬಾರಿ. ಇದ್ದರೆ 2 ಮಿ.ಗ್ರಾಂ ಅನ್ನು 10 ಮಿ.ಲೀ. ನೀರಿನಲ್ಲಿ ಆಗಿಂದಾಗ ಕರಗಿಸಿ ಬಳಸಿ, ಪೆಕ್ಟಿನ್ ಗುಲಾಬಿಗೆಂಪಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಟೊಲುಇಡಿನ್ ಬ್ಲೂ ಸಾಕು, ಒಂದೇ ಬಾರಿಗೆ ಎರಡು ಉತ್ತರ ಕೊಡುತ್ತದೆ. ಬೆಂಜೋಯಿಕ್ ಆಮ್ಲ 0.25 ಗ್ರಾಂ, ಸೋಡಿಯಂ ಬೆಂಜೋಯೇಟ್ 0.29 ಗ್ರಾಂ, ಬಟ್ಟಿ ಇಳಿಸಿದ ನೀರು 200 ಮಿ.ಲೀ. ಸೇರಿಸಿದರೆ ಪಿಎಚ್ ಅನ್ನು 4.4ರಲ್ಲೇ ಹಿಡಿದಿಡುವ ದ್ರಾವಣ, ಅಂದರೆ ಬಫರ್ ಆಗುತ್ತದೆ. ಬೆಂಜೋಯಿಕ್ ಆಮ್ಲ ತಣ್ಣೀರಿನಲ್ಲಿ ಹಟ ಮಾಡುತ್ತದೆ, ತುಸು ಬಿಸಿ ಮಾಡಿ. ಇದಕ್ಕೆ 0.1 ಗ್ರಾಂ ಬಣ್ಣ.

ಸೆಕ್ಷನ್ನನ್ನು ಒಂದು ನಿಮಿಷ ಅದ್ದಿ, ನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ನೀರಿನಲ್ಲೇ ಮೌಂಟ್ ಮಾಡಿ. ಕೋಲೆಂಕೈಮಾ, ಪೇರೆಂಕೈಮಾ ನೇರಳೆಗೆಂಪು. ಲಿಗ್ನಿನ್ ಇರುವ ನಾಳಗಳು ಹಸಿರುನೀಲಿ. ಎಲ್ಲವೂ ಕಡುನೀಲಿಯಾದರೆ ಹೊತ್ತು ಹೆಚ್ಚಾಯಿತು ಎಂದರ್ಥ, ಅಥವಾ ಸೆಕ್ಷನ್ ದಪ್ಪ. ಮದ್ಯಸಾರದಲ್ಲಿ ತೊಳೆದರೆ ನೇರಳೆಗೆಂಪು ಮಾಯವಾಗುತ್ತದೆ. ಬಫರ್ ಬದಲು ಬೋರ್‌ವೆಲ್ ನೀರಿನಲ್ಲಿ ಬಣ್ಣ ಕಲಸಿದರೆ ಛಾಯೆಗಳು ಬೇರೆಯೇ ಬರುತ್ತವೆ.

ಈಗ ಬಿಡಬಾರದ ಎರಡನೆಯ ಹೆಜ್ಜೆ. ಅದೇ ದಂಟಿನ ಇನ್ನೈದು ಸೆಕ್ಷನ್‌ಗಳನ್ನು ಶೇ 0.5ರ ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ ಹಾಕಿ, 85–90 ಡಿಗ್ರಿ ಸೆಲ್ಸಿಯಸ್ ನೀರಿನ ಸ್ನಾನದಲ್ಲಿ ಒಂದು ಗಂಟೆ ಇಡಿ. ಜೊತೆಗೆ ಐದು ಸೆಕ್ಷನ್‌ಗಳನ್ನು ಬರೀ ನೀರಿನಲ್ಲಿ ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ. ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಪೆಕ್ಟಿನ್ ಕಳಚಿ ನೀರಿಗೆ ಬರುತ್ತದೆ. ತೊಳೆದು ಎರಡಕ್ಕೂ ಬಣ್ಣ ಹಾಕಿ. ಆಕ್ಸಲೇಟಿನಲ್ಲಿದ್ದವುಗಳಲ್ಲಿ ನೇರಳೆಗೆಂಪು ಬಹಳಷ್ಟು ಹೋಗಿ, ನಾಳಗಳ ಹಸಿರುನೀಲಿ ಹಾಗೇ ಉಳಿದಿದ್ದರೆ, ನೀವು ನೋಡಿದ್ದು ಪೆಕ್ಟಿನ್ ಹೌದು. ಸೆಕ್ಷನ್ ಬ್ರಷ್ ತಾಗಿದ ಕೂಡಲೇ ಪುಡಿಪುಡಿಯಾಗಿ ಕೋಶಗಳು ಬಿಡಿಬಿಡಿಯಾದರೆ ಬೇಸರ ಬೇಡ, ಕೋಶಗಳನ್ನು ಅಂಟಿಸಿದ್ದು ಅದೇ ಎಂಬುದಕ್ಕೆ ಅದೂ ಪುರಾವೆ. ಆ ಪುಡಿಯನ್ನೇ ಸ್ಲೈಡಿಗೆ ಹಾಕಿ ನೋಡಿ.

ಸೆಲ್ಯುಲೋಸ್: ಅಯೋಡಿನ್ ಮತ್ತು ಗಂಧಕಾಮ್ಲ

ಅಯೋಡಿನ್ ಬರೀ ನೀರಿನಲ್ಲಿ ಕರಗದು. 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು 5 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಲ್ಲಿ 1 ಗ್ರಾಂ ಅಯೋಡಿನ್ ಕರಗಿಸಿ, 100 ಮಿ.ಲೀ.ಗೆ ತುಂಬಿಸಿ. ಶೇ 65ರ ಗಂಧಕಾಮ್ಲಕ್ಕೆ 3.5 ಮಿ.ಲೀ. ನೀರನ್ನು ಮಂಜುಗಡ್ಡೆಯ ಮೇಲಿಟ್ಟು 6.5 ಮಿ.ಲೀ. ಸಾಂದ್ರ ಆಮ್ಲವನ್ನು ಹನಿಹನಿಯಾಗಿ ಬಿಡಿ. ಆಮ್ಲ ನೀರಿಗೆ, ನೀರು ಆಮ್ಲಕ್ಕಲ್ಲ. ಕನ್ನಡಕ, ಕೈಗವಸು ಕಡ್ಡಾಯ.

ಸೆಕ್ಷನ್ ಮೇಲೆ ಮೊದಲು ಅಯೋಡಿನ್ ಮಾತ್ರ, ಮೂರು ನಿಮಿಷ. ಆಮ್ಲ ಹಾಕುವ ಮೊದಲೇ ನೋಡಿ: ಕೋಶದೊಳಗೆ ನೀಲಿ ಕಣಗಳಿದ್ದರೆ ಅವು ಪಿಷ್ಟ, ಗುರುತು ಮಾಡಿಕೊಳ್ಳಿ. ಆಮೇಲೆ ಅಯೋಡಿನ್ ಹೀರಿ ತೆಗೆದು, ಕವರ್‌ಸ್ಲಿಪ್ ಹಾಕಿ, ಅಂಚಿನಿಂದ ಒಂದು ಹನಿ ಆಮ್ಲ ಒಳಗೆ ಹರಿಯಲು ಬಿಡಿ. ಆಮ್ಲ ಮುಂದುವರಿದಂತೆ ಪೇರೆಂಕೈಮಾದ ಭಿತ್ತಿಗಳು ಉಬ್ಬಿ ನೀಲಿಯಾಗುತ್ತ ಹೋಗುವುದನ್ನು ಕಣ್ಣೆದುರೇ ನೋಡಬಹುದು. ಲಿಗ್ನಿನ್ ತುಂಬಿದ ನಾಳಗಳು ಹಳದಿ ಇಲ್ಲವೇ ಕಂದಾಗಿ ಉಳಿಯುತ್ತವೆ. ಅಲ್ಲಿ ಸೆಲ್ಯುಲೋಸ್ ಇಲ್ಲವೆಂದಲ್ಲ, ಲಿಗ್ನಿನ್ ಅದನ್ನು ಮುಚ್ಚಿದೆ. ಐದಾರು ನಿಮಿಷದಲ್ಲಿ ನೀಲಿ ಹರಡಿ, ಸೆಕ್ಷನ್ ಕರಗತೊಡಗುತ್ತದೆ. ನೀಲಿ ಬರುವ ಮೊದಲೇ ಕರಗಿಹೋದರೆ ಆಮ್ಲ ಜೋರು. ಬಣ್ಣವೇ ಬರದಿದ್ದರೆ ಆಮ್ಲ ಸಪ್ಪೆ, ಇಲ್ಲವೇ ಸ್ಲೈಡ್ ಮೇಲೆ ನೀರು ಉಳಿದು ಅದನ್ನು ತೆಳ್ಳಗಾಗಿಸಿದೆ.

ಇಲ್ಲೊಂದು ಬೋನಿದೆ. ಹುಣಸೆ ಬೀಜವನ್ನು ರಾತ್ರಿಯಿಡೀ ನೆನೆಸಿ, ಕಪ್ಪು ಸಿಪ್ಪೆ ತೆಗೆದು, ಬೇಳೆಯ ತೆಳು ಸೆಕ್ಷನ್ನಿಗೆ ಬರೀ ಅಯೋಡಿನ್ ಹಾಕಿ. ಆಮ್ಲವಿಲ್ಲದೆಯೇ ಭಿತ್ತಿಗಳು ನೀಲಿಯಾಗುತ್ತವೆ. ಪಿಷ್ಟವೂ ಅಲ್ಲ, ಸೆಲ್ಯುಲೋಸೂ ಅಲ್ಲ. ಮೊಳಕೆಗೆ ಆಹಾರವಾಗಲೆಂದು ಭಿತ್ತಿಯಲ್ಲೇ ಕೂಡಿಟ್ಟ ಕ್ಸೈಲೋಗ್ಲೂಕನ್. ಹಳೆಯ ಸಸ್ಯಶಾಸ್ತ್ರಜ್ಞರು ಇದನ್ನು ಪಿಷ್ಟದ ನೆಂಟನೆಂದು ತಿಳಿದು ‘ಅಮಿಲಾಯ್ಡ್’ ಎಂದು ಕರೆದಿದ್ದರು. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಹುಣಸೆ ಬೀಜದ ಗಂಜಿಯನ್ನು ಉಣ್ಣೆಯ ಹಾಸಿಗೆ ಹಚ್ಚುವುದು ಈ ವಸ್ತುವಿನ ಅಂಟಿಗಾಗಿಯೇ. ಸೆಲ್ಯುಲೋಸಿನಂತೆಯೇ ಗ್ಲೂಕೋಸ್ ಬೆನ್ನೆಲುಬು, ಆದರೆ ಪಕ್ಕಕ್ಕೆ ಸಕ್ಕರೆಯ ಕೊಂಬೆಗಳಿರುವುದರಿಂದ ಒತ್ತಾಗಿ ಕೂಡಲಾರದೆ ಬಿಸಿನೀರಿನಲ್ಲಿ ಉಬ್ಬಿ ಅಂಟಾಗುತ್ತದೆ.

ಬಣ್ಣವಿಲ್ಲದೆ ಸೆಲ್ಯುಲೋಸ್ ನೋಡುವ ದಾರಿಯೂ ಉಂಟು. ಪೋಲರಾಯ್ಡ್ ಹಾಳೆಯ ಒಂದು ತುಂಡನ್ನು ದೀಪದ ಮೇಲೆ, ಇನ್ನೊಂದನ್ನು ಐಪೀಸ್ ಮೇಲೆ ಇಟ್ಟು, ಮೇಲಿನದನ್ನು ನೋಟ ಕತ್ತಲಾಗುವವರೆಗೆ ತಿರುಗಿಸಿ. ಕತ್ತಲಲ್ಲಿ ಹೊಳೆಯುವ ಭಿತ್ತಿ ಎಂದರೆ ನಾರುಗಳು ಸಾಲಾಗಿ ಜೋಡಿಸಿಕೊಂಡ ಭಿತ್ತಿ. ಪಿಷ್ಟದ ಕಣಗಳೂ ಹೊಳೆಯುತ್ತವೆ, ಆದರೆ ಅವುಗಳ ನಡುವೆ ಕಪ್ಪು ಶಿಲುಬೆಯ ಗುರುತಿರುತ್ತದೆ.

ಕ್ಯೂಟಿನ್, ಸೂಬರಿನ್ ವಿಷಯ ಚಿಕ್ಕದು. ಶೇ 70ರ ಎಥನಾಲಿನಲ್ಲಿ ಇನ್ನು ಕರಗದು ಎನ್ನುವಷ್ಟು ಸುಡಾನ್ 4 ಹಾಕಿ ಸೋಸಿ, ಸೆಕ್ಷನ್ನನ್ನು ಇಪ್ಪತ್ತು ನಿಮಿಷ ಮುಚ್ಚಿಡಿ. ಶೇ 50ರ ಎಥನಾಲಿನಲ್ಲಿ ಒಮ್ಮೆ ಅದ್ದಿ ತೆಗೆದು ಗ್ಲಿಸರಿನ್‌ನಲ್ಲಿ ನೋಡಿ. ಹೊರಚರ್ಮದ ಮೇಲೆ ಕಿತ್ತಳೆಗೆಂಪು ಗೆರೆ. ಕುಂಬಳದಲ್ಲಿ ಅದು ತೆಳು, ಕಣಗಿಲೆಯಲ್ಲಿ ದಪ್ಪ. ಎಣ್ಣೆಯ ಹನಿಗಳೂ ಇದೇ ಬಣ್ಣ ಹಿಡಿಯುತ್ತವೆ, ಆದರೆ ಅವು ದುಂಡಗಿರುತ್ತವೆ.

ಮಧ್ಯಪಟಲವನ್ನು ಒಲೆಯ ಮೇಲೆ ಪರೀಕ್ಷಿಸುವುದು

ಹುಳಿ ಮೊದಲೇ ಹಾಕಿದರೆ ತರಕಾರಿ ಬೇಯುವುದಿಲ್ಲ ಎಂದು ಸಾರು ಮಾಡುವ ಯಾರಿಗಾದರೂ ಗೊತ್ತು. ಗಡಸು ನೀರಿನ ಊರಲ್ಲಿ ತೊಗರಿಬೇಳೆ ಬೇಯದ್ದೂ ಗೊತ್ತು. ಎರಡೂ ಪೆಕ್ಟಿನ್ ವ್ಯವಹಾರ, ಆದರೆ ಕಾರಣ ಬೇರೆ ಬೇರೆ.

ಕ್ಯಾರೆಟ್ಟನ್ನು ಒಂದು ಸೆಂಟಿಮೀಟರ್ ಘನಗಳಾಗಿ ಕತ್ತರಿಸಿ, ನಡುವಿನ ಹಳದಿ ದಿಂಡು ಬಿಟ್ಟು ಹೊರಭಾಗ ಮಾತ್ರ ಬಳಸಿ. ನಾಲ್ಕು ಬೀಕರಿನಲ್ಲಿ 200 ಮಿ.ಲೀ.ನಂತೆ ಬಟ್ಟಿ ಇಳಿಸಿದ ನೀರು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ 5 ಗ್ರಾಂ ಹುಣಸೆಯ ರಸ, ಒಂದಕ್ಕೆ 1 ಗ್ರಾಂ ಅಡುಗೆ ಸೋಡಾ, ಒಂದಕ್ಕೆ 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ನೀರು ಕುದಿ ಬಂದ ಮೇಲೆ ಹತ್ತು ಹತ್ತು ಘನ ಹಾಕಿ ಇಪ್ಪತ್ತು ನಿಮಿಷ ಕುದಿಸಿ. ಮುಚ್ಚಳ ಹಾಕಿ, ನೀರು ಇಂಗಿದರೆ ದ್ರಾವಣ ಸಾಂದ್ರವಾಗುತ್ತದೆ. ಪ್ರತಿಯೊಂದರಿಂದ ಒಂದು ಚೂರು ತೆಗೆದು ಸ್ಲೈಡ್ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ.

ಸೋಡಾದ್ದು ಮುದ್ದೆಯಾಗಿ, ಸ್ಲೈಡಿನಲ್ಲಿ ಕೋಶಗಳು ಒಂದೊಂದಾಗಿ, ಹರಿಯದೆ, ಪೂರ್ತಿ ಚೀಲಗಳಂತೆ ಬೇರೆಯಾಗಿರುತ್ತವೆ. ಬೇಯುವುದು ಎಂದರೆ ಕೋಶ ಒಡೆಯುವುದಲ್ಲ, ಕೋಶಗಳ ನಡುವಿನ ಅಂಟು ಬಿಡುವುದು ಎಂಬುದು ಈ ಸ್ಲೈಡಿನಲ್ಲಿ ಕಾಣುತ್ತದೆ. ಹುಣಸೆಯದ್ದೂ ಕ್ಯಾಲ್ಸಿಯಂನದ್ದೂ ಗಟ್ಟಿಯಾಗಿ ಉಳಿದು, ಒತ್ತಿದರೆ ಕೋಶಗಳು ಬೇರೆಯಾಗುವ ಬದಲು ಹರಿದುಹೋಗುತ್ತವೆ. ಪೆಕ್ಟಿನ್ ಸರಪಳಿ ಬಿಸಿಯಲ್ಲಿ ತುಂಡಾಗಲು ಪಿಎಚ್ ತಟಸ್ಥ ಅಥವಾ ಕ್ಷಾರೀಯವಾಗಿರಬೇಕು. ಪಿಎಚ್ 4ರ ಆಸುಪಾಸಿನಲ್ಲಿ ಆ ಕ್ರಿಯೆ ತೀರಾ ನಿಧಾನ. ಕ್ಯಾಲ್ಸಿಯಂ ಮಾಡುವುದು ಇನ್ನೊಂದು ಕೆಲಸ, ಸರಪಳಿಗಳ ನಡುವೆ ಹೊಸ ಬೆಸುಗೆ. ಗಡಸು ನೀರಿನ ತೊಂದರೆಯೂ ಇದೇ.

ಸೆಣಬು, ಪುಂಡಿನಾರನ್ನು ಕೆರೆಯಲ್ಲಿ ಕೊಳೆಹಾಕುವಾಗ ಈ ಕೆಲಸವನ್ನು ಬ್ಯಾಕ್ಟೀರಿಯಾಗಳು ಮಾಡುತ್ತವೆ. ಅವು ಮೊದಲು ಪೆಕ್ಟಿನ್ ತಿನ್ನುತ್ತವೆ, ನಾರಿನ ಕಟ್ಟು ಬಿಡಿಸಿಕೊಳ್ಳುತ್ತದೆ. ತೆಗೆಯುವುದು ತಡವಾದರೆ ನಾರಿಗೂ ಬಾಯಿ ಹಾಕುತ್ತವೆ.

ತೂಗಿ ನೋಡುವುದು: ಕ್ಯಾರೆಟ್ ಭಿತ್ತಿಯ ವಿಂಗಡಣೆ

ಎರಡು ದಿನದ ಕೆಲಸ ಇದು. ಕ್ಯಾರೆಟ್ ಯಾಕೆಂದರೆ ಪಿಷ್ಟ ಕಡಿಮೆ. ಆಲೂಗಡ್ಡೆ ತೆಗೆದುಕೊಂಡರೆ ನೀವು ತೂಗುವುದು ಭಿತ್ತಿಯನ್ನಲ್ಲ, ಪಿಷ್ಟವನ್ನು.

1. 50 ಗ್ರಾಂ ಕ್ಯಾರೆಟ್ ತುರಿಯನ್ನು ಶೇ 95ರ ಎಥನಾಲ್ 200 ಮಿ.ಲೀ.ಗೆ ಹಾಕಿ (ಕ್ಯಾರೆಟ್ಟಿನ ನೀರು ಸೇರಿ ಅದು ಶೇ 80ಕ್ಕೆ ಹತ್ತಿರ ಬರುತ್ತದೆ). ನೀರಿನ ಸ್ನಾನದಲ್ಲಿ ಹದಿನೈದು ನಿಮಿಷ ಕುದಿಸಿ. ತೆರೆದ ಜ್ವಾಲೆ ಹತ್ತಿರ ಇರಕೂಡದು. ಈ ಹೆಜ್ಜೆ ಕಿಣ್ವಗಳನ್ನು ಕೊಲ್ಲುತ್ತದೆ. ಬಿಟ್ಟರೆ ರುಬ್ಬುವಾಗಲೇ ಪೆಕ್ಟಿನ್ ತಿಂದುಹಾಕುತ್ತವೆ.

2. ತಣಿದ ಮೇಲೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಶೇ 80ರ ಎಥನಾಲಿನಿಂದ ಬಣ್ಣ ಬರುವುದು ನಿಲ್ಲುವವರೆಗೆ, ಕೊನೆಗೆ ಅಸಿಟೋನ್‌ನಿಂದ ಎರಡು ಸಲ ತೊಳೆದು ಒಣಗಿಸಿ. ಒಂದೂವರೆ ಎರಡು ಗ್ರಾಂ ಬಿಳಿಚಿದ ಪುಡಿ ಸಿಗುತ್ತದೆ. ಅಂಟಂಟಾದ ಚಕ್ಕೆ ಸಿಕ್ಕರೆ ಸಕ್ಕರೆ ಉಳಿದಿದೆ, ಮತ್ತೆ ತೊಳೆಯಿರಿ.

3. 1 ಗ್ರಾಂ ಪುಡಿಯನ್ನು ಶೇ 0.5ರ ಅಮೋನಿಯಂ ಆಕ್ಸಲೇಟ್ 100 ಮಿ.ಲೀ.ನಲ್ಲಿ 85–90 ಡಿಗ್ರಿಯಲ್ಲಿ ಒಂದು ಗಂಟೆ ಕಲಕುತ್ತ ಇಡಿ. ಬಿಸಿಯಾಗಿರುವಾಗಲೇ ಸೋಸಿ, ಇನ್ನೊಮ್ಮೆ ಇದೇ ಮಾಡಿ. ಸೋಸಿದ ನೀರಿಗೆ ಮೂರು ಪಟ್ಟು ಎಥನಾಲ್ ಸುರಿದರೆ ಲೋಳೆಯ ಎಳೆಗಳು ತೇಲುತ್ತವೆ: ಪೆಕ್ಟಿನ್. ಉಳಿದ ಗಸಿಯನ್ನು ಬಿಸಿನೀರಿನಲ್ಲಿ ತೊಳೆದು, ಅಸಿಟೋನ್‌ನಿಂದ ಒಣಗಿಸಿ ತೂಗಿ. ಕಡಿಮೆಯಾದ ತೂಕವೇ ಪೆಕ್ಟಿನ್ ಅಂದಾಜು. ಎಳೆಗಳನ್ನೇ ತೂಗಿದರೆ ಅದರಲ್ಲಿ ಆಕ್ಸಲೇಟ್ ಸೇರಿ ಲೆಕ್ಕ ಉಬ್ಬುತ್ತದೆ.

4. ಗಸಿಗೆ 4 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (100 ಮಿ.ಲೀ.ಗೆ 22.4 ಗ್ರಾಂ) 50 ಮಿ.ಲೀ., ಜೊತೆಗೆ 50 ಮಿ.ಗ್ರಾಂ ಸೋಡಿಯಂ ಬೋರೋಹೈಡ್ರೈಡ್. ಕೋಣೆಯ ಬಿಸಿಯಲ್ಲಿ ನಾಲ್ಕು ಗಂಟೆ ಕಲಕಿ. ಬೋರೋಹೈಡ್ರೈಡ್ ಇಲ್ಲದಿದ್ದರೆ ಕ್ಷಾರವು ಸರಪಳಿಗಳನ್ನು ಒಂದು ತುದಿಯಿಂದ ಸುಲಿಯುತ್ತ ಹೋಗುತ್ತದೆ, ಇಳುವರಿ ಇಳಿಯುತ್ತದೆ. ಸೋಸಿದ ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟು ಅಸಿಟಿಕ್ ಆಮ್ಲದಿಂದ ಪಿಎಚ್ 5ಕ್ಕೆ ತನ್ನಿ. ನೊರೆ ಉಕ್ಕುತ್ತದೆ, ಹೊರಬರುವುದು ಹೈಡ್ರೋಜನ್. ದೊಡ್ಡ, ತೆರೆದ ಪಾತ್ರೆ ಬಳಸಿ, ಬೆಂಕಿ ದೂರವಿರಲಿ. ಮೂರು ಪಟ್ಟು ಎಥನಾಲ್ ಸೇರಿಸಿದರೆ ಹೆಮಿಸೆಲ್ಯುಲೋಸ್ ಹತ್ತಿಯ ಹಾಗೆ ಕೂರುತ್ತದೆ, ಅದನ್ನೂ ತೊಳೆದು ಒಣಗಿಸಿ ತೂಗಿ.

5. ಕೊನೆಗೆ ಉಳಿದ ಬಿಳಿ ಗಸಿಯನ್ನು ಲಿಟ್ಮಸ್ ಬಣ್ಣ ಬದಲಿಸದವರೆಗೆ ತೊಳೆದು ಒಣಗಿಸಿ ತೂಗಿ. ಬಹುಪಾಲು ಸೆಲ್ಯುಲೋಸ್. ಒಂದು ಚೂರಿಗೆ ಅಯೋಡಿನ್, ಗಂಧಕಾಮ್ಲ ಹಾಕಿ ಖಾತ್ರಿ ಮಾಡಿಕೊಳ್ಳಿ.

ಪೆಕ್ಟಿನ್, ಹೆಮಿಸೆಲ್ಯುಲೋಸ್, ಸೆಲ್ಯುಲೋಸ್ ಮೂರರ ತೂಕ ಕೂಡಿದರೆ 1 ಗ್ರಾಂ ಆಗುವುದಿಲ್ಲ. ಪ್ರೋಟೀನ್, ಖನಿಜ ಲೆಕ್ಕಕ್ಕೆ ಬಂದಿಲ್ಲ, ಬಟ್ಟೆಯಲ್ಲಿ ಅಂಟಿದ್ದೂ ಹೋಗಿದೆ. ಸರಿಯಾಗಿ 1 ಗ್ರಾಂ ಬಂದಿದ್ದರೆ ತೊಳೆಯುವುದು ಸಾಲದೆ ಉಪ್ಪು ಉಳಿದಿದೆ ಎಂದೇ ಅನುಮಾನಿಸಿ. ಇದೇ ಕ್ರಮವನ್ನು ಮೆಕ್ಕೆಜೋಳದ ಎಳೆ ಎಲೆಯ ಮೇಲೆ ಮಾಡಿದರೆ ಮೂರನೆಯ ಹೆಜ್ಜೆಯಲ್ಲಿ ಸಿಗುವುದು ಅತ್ಯಲ್ಪ, ನಾಲ್ಕನೆಯದರಲ್ಲಿ ರಾಶಿ. ಹುಲ್ಲಿನ ಭಿತ್ತಿಗೂ ದ್ವಿದಳದ ಭಿತ್ತಿಗೂ ಇರುವ ವ್ಯತ್ಯಾಸ ತಕ್ಕಡಿಯಲ್ಲೇ ಕಾಣುತ್ತದೆ.

ಕೊನೆಗೆ ಬಿದಿರು: ನಾರುಗಳನ್ನು ಬಿಡಿಸುವುದು

ಗಟ್ಟಿ ಅಂಗಾಂಶದಲ್ಲಿ ಆಕ್ಸಲೇಟ್ ಆಟ ನಡೆಯದು, ಅಲ್ಲಿ ಮಧ್ಯಪಟಲಕ್ಕೂ ಲಿಗ್ನಿನ್ ತುಂಬಿರುತ್ತದೆ. ಬಿದಿರನ್ನು ಬೆಂಕಿಕಡ್ಡಿಗಿಂತ ತೆಳ್ಳಗೆ ಸೀಳಿ, ಶೇ 30ರ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಗ್ಲೇಶಿಯಲ್ ಅಸಿಟಿಕ್ ಆಮ್ಲ ಸಮಸಮ ಬೆರೆಸಿದ ದ್ರಾವಣದಲ್ಲಿ, 60 ಡಿಗ್ರಿಯಲ್ಲಿ ಒಂದೆರಡು ದಿನ ಇಡಿ. ಅನಿಲ ಹೊರಬರುವುದರಿಂದ ಮುಚ್ಚಳ ಬಿಗಿಯಬೇಡಿ. ಫ್ಯೂಮ್ ಹುಡ್ ಒಳಗೇ ಮಾಡಿ, ಕೈಗವಸು ಬೇಕೇಬೇಕು, ಪೆರಾಕ್ಸೈಡ್ ಚರ್ಮವನ್ನು ಸುಡುತ್ತದೆ. ಸೀಳು ಬೆಳ್ಳಗೆ, ಮೆತ್ತಗೆ ಆದಾಗ ನೀರಿನಲ್ಲಿ ಹಲವು ಸಲ ತೊಳೆದು, ಅರ್ಧ ನೀರಿರುವ ಪ್ರನಾಳದಲ್ಲಿ ಹಾಕಿ ಜೋರಾಗಿ ಅಲುಗಾಡಿಸಿ. ನೀರು ಮೋಡದಂತಾಗುತ್ತದೆ. ಒಂದು ಹನಿಯಲ್ಲಿ ನೂರಾರು ನಾರುಗಳು, ಎರಡೂ ತುದಿ ಚೂಪು, ನಡುವೆ ಕೂದಲಿನಷ್ಟು ಪೊಳ್ಳು. ಫ್ಲೋರೋಗ್ಲುಸಿನಾಲ್ ಹಾಕಿದರೆ ಈಗ ಕೆಂಪಾಗುವುದಿಲ್ಲ. ದ್ರಾವಣಕ್ಕೆ ಹಾಕದ ಬಿದಿರಿನ ಸೀಳು ಪಕ್ಕದ ಸ್ಲೈಡಿನಲ್ಲಿ ಕಡುಗೆಂಪು. ಎರಡು ಪೋಲರಾಯ್ಡ್ ನಡುವೆ ಮಾತ್ರ ಲಿಗ್ನಿನ್ ಕಳೆದುಕೊಂಡ ಆ ನಾರುಗಳು ಇನ್ನೂ ಹೊಳೆಯುತ್ತಲೇ ಇರುತ್ತವೆ.